ಬಿರಡೆಗೆ ಬೈಯೋ ಮುಂಚೆ ನಟ್ ನೋಡಿ

ಶಿವಮೊಗ್ಗದಲ್ಲಿ ನಿಂತು “ನಟ್ ಪ್ರಾಬ್ಲಂ ಆಗಿದೆ” ಅಂದ್ರೆ ಅಡಿಕೆ ರೇಟ್ ಬಿತ್ತಾ ಅಂತ ಕೇಳ್ತಾರೆ. ಭದ್ರಾವತಿಯಲ್ಲಿ ಅದೇ ಮಾತು ಹೇಳಿದ್ರೆ ಎಷ್ಟು ಎಂಎಂ, ಬೋಲ್ಟ್ ತಂದಿದ್ದೀಯಾ ಅಂತಾರೆ. ನಾನು ಹೇಳೋಕೆ ಹೊರಟಿರೋ ನಟ್ ಇವೆರಡೂ ಅಲ್ಲ. ಗಿಟಾರ್‌ನ ಕತ್ತು ಮುಗಿದು ತಲೆ ಶುರುವಾಗೋ ಜಾಗದಲ್ಲಿ, ತಂತಿಗಳ ಕೆಳಗೆ ಅಡ್ಡಲಾಗಿ ಒಂದು ಸಣ್ಣ ಪಟ್ಟಿ ಇರುತ್ತೆ. ಉದ್ದ ಸುಮಾರು 43 ಮಿಲಿಮೀಟರ್, ಅದರಲ್ಲಿ ಆರು ಸ್ಲಾಟ್. ವೀಣೆಯಲ್ಲಿ ಇದೇ ಕೆಲಸ ಮಾಡೋ ಭಾಗಕ್ಕೆ ಮೇರು ಅಂತಾರೆ. ಗಿಟಾರ್‌ನವರು ನಟ್ ಅಂತಾರೆ. ಇದು ತಿರುಗಲ್ಲ, ಅಲುಗಾಡಲ್ಲ, ಹೊಳೆಯೋದೂ ಇಲ್ಲ. ಹಾಗಾಗಿ ಇದರ ಮೇಲೆ ಯಾರಿಗೂ ಅನುಮಾನ ಬರಲ್ಲ.

ನನ್ನ ವಾದ ಇಷ್ಟೇ. ಎಲೆಕ್ಟ್ರಿಕ್ ಗಿಟಾರ್ ಶ್ರುತಿಯಲ್ಲಿ ನಿಲ್ತಿಲ್ಲ ಅಂತ ಹೊಸ ಬಿರಡೆ, ಹೊಸ ಗಿಟಾರ್, ಕೊನೆಗೆ ಹೊಸ ಗಿಟಾರಿಸ್ಟ್ ಹುಡುಕೋ ಮುಂಚೆ ಈ ಪಟ್ಟಿಯನ್ನ ಪರೀಕ್ಷೆ ಮಾಡಿ. ತಪ್ಪು ಅಲ್ಲೇ ಇದ್ರೆ ಬದಲಾಯಿಸಿ. ಅದನ್ನ ಮಾಡೋಕೆ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಬೇಕಾದ ಕೈ, ಬೇಕಾದ ಟೂಲ್ ಎರಡೂ ನಮ್ಮ ಊರಲ್ಲೇ ಇವೆ.

“ಹೊಸ ಗಿಟಾರಿಸ್ಟ್” ಅಂದಿದ್ದು ತಮಾಷೆಗಲ್ಲ. ಹೋದ ರಾಜ್ಯೋತ್ಸವದ ದಿನ ನಮ್ಮ ಬ್ಯಾಂಡ್ ಮೂರು ಹಾಡು ನುಡಿಸಬೇಕಿತ್ತು. ಸ್ಟೇಜ್ ಹತ್ತೋ ಮುಂಚೆ ಆರೂ ತಂತಿ ಸರಿಯಾಗಿ ಟ್ಯೂನ್ ಮಾಡಿದ್ದೆ. ಮೊದಲ ಹಾಡಿನಲ್ಲಿ ಒಂದು ಸೋಲೋ ಇತ್ತು, ಅದರಲ್ಲಿ ತಂತಿಯನ್ನ ಎಳೆದು ಬೆಂಡ್ ಮಾಡಬೇಕು. ಬೆಂಡ್ ಮಾಡಿ ಬಿಟ್ಟೆ, ಜಿ ತಂತಿ ಕೆಳಗೆ ಇಳೀತು. ಆಮೇಲೆ ನುಡಿಸಿದ ಪ್ರತಿ ಕಾರ್ಡ್‌ನಲ್ಲೂ ಒಂದು ಸ್ವರ ಅಪಸ್ವರ. ಹಾಡ್ತಿದ್ದ ಫ್ರೆಂಡ್ ನನ್ನ ಕಡೆ ತಿರುಗಿ ನೋಡಿದ ನೋಟ ಇನ್ನೂ ನೆನಪಿದೆ. ಎರಡನೇ ಹಾಡಿನ ಮುಂಚೆ ಮತ್ತೆ ಟ್ಯೂನ್ ಮಾಡಿದೆ, ಮತ್ತೆ ಅದೇ ಕಥೆ. ಒಂದು ವಾರ ಆದ್ಮೇಲೆ ಗ್ರೂಪ್‌ನಲ್ಲಿ ಮೆಸೇಜ್ ಬಂತು: ಮುಂದಿನ ಪ್ರೋಗ್ರಾಂಗೆ ಟ್ರ್ಯಾಕ್ ಹಾಕ್ಕೊಂಡು ಹಾಡೋಣ. ನನ್ನ ಹೆಸರು ಯಾರೂ ಎತ್ತಿರಲಿಲ್ಲ. ಎತ್ತೋ ಅಗತ್ಯಾನೂ ಇರಲಿಲ್ಲ.

ನಾನು ಸುಮ್ಮನೆ ಕೂತಿರಲಿಲ್ಲ. ಕಾರಣ ಹುಡುಕ್ಕೊಂಡು ಮೂರು ಕಡೆ ಹೋದೆ, ಮೂರು ಉತ್ತರ ಸಿಕ್ತು. ಒಂದು ಅಂಗಡಿಯಲ್ಲಿ “ಇದು ಮಲ್ನಾಡು ಅಲ್ವಾ, ಥಂಡಿಗೆ ಹಂಗೇ ಆಗುತ್ತೆ” ಅಂದ್ರು. ಇನ್ನೊಂದು ಕಡೆ “ಬಿರಡೆ ಜಾರ್ತಿದೆ, ಸೆಟ್ ಚೇಂಜ್ ಮಾಡು” ಅಂದ್ರು. ಮಾಡಿದೆ, 1,800 ರೂಪಾಯಿ ಹೋಯ್ತು, ಜಿ ತಂತಿ ಮಾತ್ರ ಹಂಗೇ ಇಳೀತಿತ್ತು. ಮೂರನೇ ಉತ್ತರ ಒಬ್ಬ ಸೀನಿಯರ್‌ದು: “ನಿಂಗೆ ಕಿವಿ ಇಲ್ಲ ಮಗಾ.” ಎಲ್ಲಕ್ಕಿಂತ ಹೆಚ್ಚು ದಿನ ನಾನು ನಂಬಿದ್ದು ಈ ಮೂರನೇದನ್ನ.

ಈ ಮೂರು ಉತ್ತರಗಳನ್ನ ಈಗ ಇಂಜಿನಿಯರಿಂಗ್ ಸ್ಟೂಡೆಂಟ್ ಥರ ನೋಡೋಣ.

ಮೊದಲು ಹವಾಮಾನ. ಮಳೆಗಾಲದಲ್ಲಿ ಮರ ತೇವ ಹೀರುತ್ತೆ, ಕತ್ತು ಸ್ವಲ್ಪ ಬಾಗುತ್ತೆ. ಇದು ನಿಜ. ಆದ್ರೆ ಕತ್ತು ಬಾಗಿದ್ರೆ ಅದರ ಮೇಲಿರೋ ಆರೂ ತಂತಿಗಳ ಶ್ರುತಿ ಬದಲಾಗಬೇಕು, ಅದೂ ಗಂಟೆಗಟ್ಟಲೆ, ದಿನಗಟ್ಟಲೆ ನಿಧಾನವಾಗಿ. ಒಂದೇ ತಂತಿ, ಅದೂ ಬೆಂಡ್ ಮಾಡಿದ ಎರಡೇ ಸೆಕೆಂಡಿನಲ್ಲಿ ಇಳಿದ್ರೆ ಅದಕ್ಕೆ ಆಗುಂಬೆ ಮಳೆ ಕಾರಣ ಅಲ್ಲ.

ಎರಡನೇದು ಬಿರಡೆ. ಗಿಟಾರ್‌ನ ಬಿರಡೆ ಒಳಗಿರೋದು ವರ್ಮ್ ಗೇರ್. ನಾವು ತಿರುಗಿಸೋ ಕಿವಿ ವರ್ಮ್‌ಗೆ ಸೇರಿರುತ್ತೆ, ತಂತಿ ಸುತ್ತಿರೋ ಕಂಬ ಗೇರ್‌ಗೆ ಸೇರಿರುತ್ತೆ. ಸಾಮಾನ್ಯವಾಗಿ 14ರಿಂದ 18 ಸುತ್ತು ತಿರುಗಿಸಿದ್ರೆ ಕಂಬ ಒಂದು ಸುತ್ತು ಬರುತ್ತೆ. ಇಂಥ ವರ್ಮ್ ಗೇರ್‌ನ ಗುಣ ಏನು? ವರ್ಮ್ ಗೇರನ್ನ ತಿರುಗಿಸಬಹುದು, ಗೇರ್ ವರ್ಮನ್ನ ತಿರುಗಿಸೋಕೆ ಆಗಲ್ಲ. ಅಂದ್ರೆ ತಂತಿ ಎಷ್ಟೇ ಎಳೆದ್ರೂ ಬಿರಡೆ ತಾನಾಗೇ ಹಿಂದಕ್ಕೆ ತಿರುಗಲ್ಲ. ವೀಣೆ, ಪಿಟೀಲಿನ ಮರದ ಬಿರಡೆ ಜಾರುತ್ತೆ, ಯಾಕಂದ್ರೆ ಅಲ್ಲಿ ಹಿಡಿದಿಟ್ಟಿರೋದು ಮರಕ್ಕೆ ಮರದ ಘರ್ಷಣೆ ಮಾತ್ರ. ಆ ಅನುಭವವನ್ನೇ ಗಿಟಾರ್‌ಗೂ ಹಚ್ಚಿ “ಜಾರ್ತಿದೆ” ಅಂತೀವಿ. ಸ್ಕ್ರೂ ಲೂಸ್ ಆಗಿದ್ರೆ, ಹಲ್ಲು ಸವೆದಿದ್ರೆ ಬಿರಡೆಯದೂ ತಪ್ಪಿರಬಹುದು. ಆದ್ರೆ ಅದು ಮೊದಲ ಅನುಮಾನ ಆಗಬಾರದು.

ಮೂರನೇದು ನನ್ನ ಕಿವಿ. ಅದಕ್ಕೆ ಕೊನೆಯಲ್ಲಿ ಬರ್ತೀನಿ.

ಈಗ ನಟ್. ತಂತಿ ಬಿರಡೆಯಿಂದ ಬಂದು, ನಟ್‌ನ ಸ್ಲಾಟ್‌ನಲ್ಲಿ ಬಾಗಿ, ಫ್ರೆಟ್‌ಗಳ ಮೇಲೆ ಹಾದು ಬ್ರಿಡ್ಜ್‌ಗೆ ಹೋಗುತ್ತೆ. ಬೆಂಡ್ ಮಾಡಿದಾಗ ನುಡಿಯೋ ಭಾಗದಲ್ಲಿ ಎಳೆತ ಜಾಸ್ತಿ ಆಗುತ್ತೆ, ಬಿರಡೆ ಕಡೆಯಿಂದ ಕೂದಲೆಳೆಯಷ್ಟು ತಂತಿ ನಟ್ ದಾಟಿ ಈಚೆ ಬರುತ್ತೆ. ಬಿಟ್ಟಾಗ ಅದು ವಾಪಸ್ ಹೋಗಬೇಕು. ಸ್ಲಾಟ್ ಇಕ್ಕಟ್ಟಾಗಿದ್ರೆ ಅಥವಾ ಒರಟಾಗಿದ್ರೆ ಹೋಗಲ್ಲ. ಈಚೆ ಕಡೆ ತಂತಿ ಸಡಿಲ ಆಯ್ತು, ಶ್ರುತಿ ಇಳೀತು. ಟ್ರೆಮೊಲೊ ಬಾರ್ ಇರೋ ಗಿಟಾರ್‌ನಲ್ಲಿ ಬಾರ್ ಒತ್ತಿ ಬಿಟ್ಟಾಗ ಉಲ್ಟಾ ಆಗುತ್ತೆ, ತಂತಿ ಆ ಕಡೆ ಸಿಕ್ಕಿಕೊಂಡು ಶ್ರುತಿ ಏರುತ್ತೆ.

ಇಷ್ಟು ಸಣ್ಣ ಘರ್ಷಣೆಯಿಂದ ಏನು ಮಹಾ ಆಗುತ್ತೆ ಅಂತ ನಂಗೂ ಅನ್ನಿಸಿತ್ತು. ಅದಕ್ಕೇ ಲೆಕ್ಕ ಹಾಕಿದೆ. ಬೆಲ್ಟ್ ಮತ್ತು ಪುಲ್ಲಿಯ ಸೂತ್ರ ನೆನಪಿದೆಯಲ್ಲ? ಜಾರೋ ಅಂಚಿನಲ್ಲಿ ಎರಡು ಬದಿಯ ಎಳೆತದ ಅನುಪಾತ ಘರ್ಷಣಾ ಗುಣಾಂಕ ಮತ್ತು ಸುತ್ತಿದ ಕೋನ, ಇವೆರಡರ ಗುಣಲಬ್ಧದ ಎಕ್ಸ್‌ಪೊನೆನ್ಷಿಯಲ್. ಗಿಬ್ಸನ್‌ನ ಹಳೆಯ ವಿನ್ಯಾಸದಲ್ಲಿ ಗಿಟಾರ್ ತಲೆ 17 ಡಿಗ್ರಿ ಹಿಂದಕ್ಕೆ ವಾಲಿರುತ್ತೆ, ಅಂದ್ರೆ ಸುಮಾರು 0.3 ರೇಡಿಯನ್. ಗುಣಾಂಕ 0.2 ಅಂತ ಇಟ್ಕೊಳ್ಳಿ. ಗುಣಲಬ್ಧ 0.06, ಎಳೆತದ ವ್ಯತ್ಯಾಸ ಸುಮಾರು 6 ಪರ್ಸೆಂಟ್. ತಂತಿಯ ಕಂಪನ ಎಳೆತದ ವರ್ಗಮೂಲಕ್ಕೆ ತಕ್ಕಂತೆ ಬದಲಾಗೋದ್ರಿಂದ ಕಂಪನದಲ್ಲಿ 3 ಪರ್ಸೆಂಟ್. ಒಂದು ಸೆಮಿಟೋನ್ ಅಂದ್ರೆ ಸುಮಾರು 6 ಪರ್ಸೆಂಟ್. ಅಲ್ಲಿಗೆ ತೀರಾ ಕೆಟ್ಟ ಸಂದರ್ಭದಲ್ಲಿ ಅರ್ಧ ಸೆಮಿಟೋನ್ ಹೋಯ್ತು! 196 ಹರ್ಟ್ಜ್ ಇರಬೇಕಾದ ಜಿ ತಂತಿ 190ರ ಹತ್ತಿರ ಬರಬಹುದು. ಪ್ರತಿ ಸಲ ಇಷ್ಟಾಗಲ್ಲ, ಆದ್ರೆ ಇದರ ಕಾಲುಭಾಗ ಆದ್ರೂ ಕೇಳೋರ ಮುಖ ಕಿವುಚುತ್ತೆ. ಈ ಲೆಕ್ಕದಲ್ಲಿ ಸ್ಲಾಟ್‌ನ ಗೋಡೆಗಳು ತಂತಿಯನ್ನ ಎರಡೂ ಕಡೆಯಿಂದ ಹಿಂಡೋದನ್ನ ಸೇರಿಸೇ ಇಲ್ಲ.

ಜಿ ತಂತಿಯೇ ಯಾಕೆ? ನನ್ನ ಗಿಟಾರ್ ತಲೆಯಲ್ಲಿ ಬಿರಡೆಗಳು ಆ ಕಡೆ ಮೂರು, ಈ ಕಡೆ ಮೂರು. ಮಧ್ಯದ ಡಿ ಮತ್ತು ಜಿ ತಂತಿಗಳು ನಟ್ ದಾಟಿದ ಮೇಲೆ ಹೊರಗಡೆಗೆ ಅಗಲವಾಗಿ ತಿರುಗಿ ದೂರದ ಬಿರಡೆಗೆ ಹೋಗಬೇಕು. ಕೆಳಗೆ ಬಾಗೋದರ ಜೊತೆಗೆ ಪಕ್ಕಕ್ಕೂ ಬಾಗುತ್ತೆ, ಸ್ಲಾಟ್ ಗೋಡೆಗೆ ಉಜ್ಜುತ್ತೆ. ಜೊತೆಗೆ ನಾನೇ ಮಾಡಿದ ಒಂದು ತಪ್ಪೂ ಇತ್ತು. ಗಿಟಾರ್ ಜೊತೆ ಬಂದಿದ್ದು 9ರಿಂದ 42ರ ತಂತಿ ಸೆಟ್. ಯಾರೋ ಸೌಂಡ್ ಚೆನ್ನಾಗಿರುತ್ತೆ ಅಂದ್ರು ಅಂತ 10ರಿಂದ 46ರ ಸೆಟ್ ಹಾಕಿದ್ದೆ. ಇವು ಇಂಚಿನ ಸಾವಿರದ ಒಂದು ಭಾಗದ ಅಳತೆ. ತಂತಿ ದಪ್ಪ ಆಯ್ತು, ಸ್ಲಾಟ್ ಹಳೇದೇ ಉಳೀತು. ದೊಡ್ಡ ಪಾದಕ್ಕೆ ಸಣ್ಣ ಶೂ ಹಾಕಿದ ಹಾಗೆ.

ನಿಮ್ಮ ಗಿಟಾರ್‌ನಲ್ಲೂ ಇದೇನಾ ಅಂತ ತಿಳಿಯೋಕೆ ದುಡ್ಡು ಬೇಡ. ಬಿರಡೆಯನ್ನ ನಿಧಾನವಾಗಿ ತಿರುಗಿಸ್ತಾ ಕೇಳಿ. ಸ್ವರ ಮೇಲೇರದೆ ನಿಂತು, ಆಮೇಲೆ ‘ಟಿಣ್’ ಅಂತ ಒಮ್ಮೆಲೇ ಹಾರಿದ್ರೆ ತಂತಿ ನಟ್‌ನಲ್ಲಿ ಸಿಕ್ಕಿಕೊಂಡು ಬಿಡುಗಡೆ ಆಗ್ತಿದೆ ಅಂತ ಅರ್ಥ. ಇನ್ನೊಂದು ಪರೀಕ್ಷೆ ಇನ್ನೂ ಖಚಿತ. ಟ್ಯೂನ್ ಮಾಡಿ, ಜೋರಾಗಿ ಬೆಂಡ್ ಮಾಡಿ ಬಿಡಿ, ಶ್ರುತಿ ಇಳಿದಿದೆಯಾ ನೋಡಿ. ಇಳಿದಿದ್ರೆ ನಟ್ ಮತ್ತು ಬಿರಡೆ ಮಧ್ಯದ ತಂತಿಯನ್ನ ಬೆರಳಿಂದ ಒಮ್ಮೆ ಒತ್ತಿ ಬಿಡಿ. ಶ್ರುತಿ ವಾಪಸ್ ಬಂತಾ? ಕಳ್ಳ ನಟ್. ಬಿರಡೆ ನಿಜವಾಗಲೂ ಜಾರಿದ್ದರೆ ಅಲ್ಲಿ ಒತ್ತಿದ ಮಾತ್ರಕ್ಕೆ ವಾಪಸ್ ಬರ್ತಿರಲಿಲ್ಲ. ಈ ಪರೀಕ್ಷೆ ಗೊತ್ತಿದ್ದಿದ್ರೆ ನನ್ನ 1,800 ರೂಪಾಯಿ ಉಳೀತಿತ್ತು.

ಹಾಗಂತ ತಕ್ಷಣ ನಟ್ ಕಿತ್ತು ಹಾಕಿ ಅಂತ ನಾನು ಹೇಳ್ತಿಲ್ಲ. ಹೊಸ ತಂತಿ ಹಾಕಿದ್ರೆ ಮೊದಲು ಕೈಯಲ್ಲಿ ಎಳೆದು ಎಳೆದು ಸೆಟ್ ಮಾಡಿ. ಕಂಬಕ್ಕೆ ಏಳೆಂಟು ಸುತ್ತು ಸುತ್ತಬೇಡಿ, ಎರಡು-ಮೂರು ಸಾಕು. ತುಕ್ಕು ಹಿಡಿದ ತಂತಿ ಎಸೆಯಿರಿ. ಆಮೇಲೆ ಪೆನ್ಸಿಲ್ ತಗೊಂಡು ಸ್ಲಾಟ್ ಒಳಗೆ ತೀಡಿ. ಪೆನ್ಸಿಲ್‌ನ ಗ್ರಾಫೈಟ್ ಒಳ್ಳೆ ಒಣ ಲೂಬ್ರಿಕೆಂಟ್. ಎಷ್ಟೋ ಗಿಟಾರ್ ಇಷ್ಟಕ್ಕೇ ಸರಿಹೋಗುತ್ತೆ. ನಂದೂ ಸರಿಹೋಯ್ತು, ನಾಲ್ಕು ದಿನ. ಮತ್ತೆ ಶುರುವಾದಾಗ ನಟ್ಟೇ ಬದಲಾಯಿಸಬೇಕು ಅಂತ ಗೊತ್ತಾಯ್ತು.

ಆದ್ರೆ ಬದಲಾಯಿಸೋರು ಯಾರು? ಹಾಸ್ಟೆಲ್‌ನ ನನ್ನ ರೂಮ್‌ಮೇಟ್ ಭದ್ರಾವತಿಯವನು. ಅವರ ಮನೆ ಪಕ್ಕದಲ್ಲಿ ಕಾರ್ಖಾನೆಯಿಂದ ರಿಟೈರ್ ಆದ ಫಿಟ್ಟರ್ ಒಬ್ಬರಿದ್ದಾರೆ, ಮನೆ ಹಿಂದೆ ಒಂದು ವೈಸ್ ಇಟ್ಕೊಂಡು ಇವತ್ತಿಗೂ ಏನಾದ್ರೂ ಉಜ್ಜುತ್ತಾ ಇರ್ತಾರೆ ಅಂದ. ಒಂದು ಭಾನುವಾರ ಗಿಟಾರ್ ಬೆನ್ನಿಗೆ ಹಾಕ್ಕೊಂಡು ಬಸ್ ಹತ್ತಿದೆವು. ಅವರು ಎಲೆಕ್ಟ್ರಿಕ್ ಗಿಟಾರ್ ಕೈಯಲ್ಲಿ ಹಿಡಿದಿದ್ದು ಅದೇ ಮೊದಲು. ನಾನು ಇಂಗ್ಲಿಷ್ ಮೀಡಿಯಂ ಗಿರಾಕಿ, ಘರ್ಷಣೆ, ಟೆನ್ಷನ್, ಸ್ಲಿಪ್ ಅಂತ ಅರ್ಧ ಕನ್ನಡ ಅರ್ಧ ಇಂಗ್ಲಿಷಲ್ಲಿ ಐದು ನಿಮಿಷ ವಿವರಿಸಿದೆ. ಅವರು ಬಿರಡೆ ತಿರುಗಿಸಿ ‘ಟಿಣ್’ ಕೇಳಿಸ್ಕೊಂಡು “ಕಚ್ಚುತ್ತಾ ಐತೆ” ಅಂದ್ರು. ಅಷ್ಟೇ. ನನ್ನ ಐದು ನಿಮಿಷ ಎರಡು ಪದದಲ್ಲಿ ಮುಗೀತು. ಆಮೇಲೆ ಕೇಳಿದ್ದು ಎರಡೇ ಪ್ರಶ್ನೆ: ತಂತಿ ವ್ಯಾಸ ಎಷ್ಟು? ಕ್ಲಿಯರೆನ್ಸ್ ಎಷ್ಟು ಬೇಕು?

ಯಾವ ವಸ್ತುವಿನಲ್ಲಿ ಮಾಡೋದು ಅನ್ನೋದು ಮುಂದಿನ ಪ್ರಶ್ನೆ. ಅಗ್ಗದ ಗಿಟಾರ್‌ಗಳಲ್ಲಿ ಇರೋದು ಮೆತ್ತನೆಯ ಪ್ಲಾಸ್ಟಿಕ್. ಗಿಟಾರ್ ರಿಪೇರಿ ಮಾಡೋರು ಹೆಚ್ಚಾಗಿ ಬಳಸೋದು ಮೂಳೆ, ಅಥವಾ ಗ್ರಾಫ್ ಟೆಕ್‌ನಂಥ ಕಂಪನಿಗಳ ಸಿಂಥೆಟಿಕ್ ನಟ್. ಮೂಳೆ ಆನ್‌ಲೈನಲ್ಲಿ ಸಿಗುತ್ತೆ ಅಂತ ಮನೆಯಲ್ಲಿ ಹೇಳಿದ್ದೆ. ಅಮ್ಮ “ಯಾವ್ದರ ಮೂಳೆ?” ಅಂತ ಕೇಳಿದ್ಮೇಲೆ ಆ ವಿಷಯ ಅಲ್ಲಿಗೇ ಮುಗಿದಿತ್ತು. ಫಿಟ್ಟರ್ ಹತ್ರ ಹಿತ್ತಾಳೆ ಪಟ್ಟಿಯ ತುಂಡು ಇತ್ತು. ಉಕ್ಕಿನ ಜೊತೆ ಹಿತ್ತಾಳೆ ಚೆನ್ನಾಗಿ ಜಾರುತ್ತೆ, ಬುಷ್‌ಗೆ ಹಿತ್ತಾಳೆ ಹಾಕೋದು ಅದಕ್ಕೇ ಅಂದ್ರು. ಹಿತ್ತಾಳೆ ನಟ್ ಹೊಸ ಐಡಿಯಾ ಏನಲ್ಲ, 1970ರ ದಶಕದಲ್ಲಿ ಹೊರದೇಶದ ಗಿಟಾರಿಸ್ಟ್‌ಗಳಲ್ಲಿ ಅದೇ ಫ್ಯಾಷನ್ ಆಗಿತ್ತು. ಖಾಲಿ ತಂತಿಯ ಧ್ವನಿ ಸ್ವಲ್ಪ ಹರಿತ ಆಗುತ್ತೆ. ನನಗೆ ಅದು ಇಷ್ಟಾನೇ ಆಯ್ತು.

ಹಳೇ ನಟ್‌ನ ಅಂಚಿನ ಪಾಲಿಶ್ ಅನ್ನ ಬ್ಲೇಡಿನಿಂದ ಗೀರಿ, ಮರದ ತುಂಡು ಇಟ್ಟು ಪಕ್ಕದಿಂದ ಮೆಲ್ಲಗೆ ತಟ್ಟಿದ್ರೆ ಹೊರಬಂತು. ಅದನ್ನೇ ಅಳತೆಗೆ ಇಟ್ಕೊಂಡು ಹಿತ್ತಾಳೆ ಕತ್ತರಿಸಿ ಉಜ್ಜಿದ್ದಾಯ್ತು. ಕಷ್ಟ ಇದ್ದಿದ್ದು ಸ್ಲಾಟ್‌ನಲ್ಲಿ. 10ರ ತಂತಿ ಅಂದ್ರೆ ದಪ್ಪ ಕಾಲು ಮಿಲಿಮೀಟರ್. 46ರದು 1.17 ಮಿಲಿಮೀಟರ್. ಸ್ಲಾಟ್ ತಂತಿಗಿಂತ 0.05 ಮಿಲಿಮೀಟರಿನಷ್ಟು ಮಾತ್ರ ಅಗಲ ಇರಬೇಕು. ಇಂಥ ಫೈಲ್ ಸೆಟ್ ವಿದೇಶದಿಂದ ತರಿಸಿದ್ರೆ ಗಿಟಾರ್‌ಗಿಂತ ಫೈಲೇ ದುಬಾರಿ ಅನ್ನಿಸುತ್ತೆ. ಪರಿಹಾರ ಎರಡು ಕಡೆ ಸಿಕ್ತು. ತೆಳು ತಂತಿಗಳಿಗೆ ಅಕ್ಕಸಾಲಿಗರು ಬಳಸೋ ಗರಗಸದ ಬ್ಲೇಡ್. ಶಿವಮೊಗ್ಗದ ಗಾಂಧಿ ಬಜಾರ್‌ನಲ್ಲಿ ಚಿನ್ನದ ಕೆಲಸ ಮಾಡೋರ ಹತ್ರ ಕೇಳಿದ್ರೆ ಸಿಗುತ್ತೆ. ದಪ್ಪ ತಂತಿಗಳಿಗೆ ಸೂಜಿ ಫೈಲ್, ಜೊತೆಗೆ ಗ್ಯಾಸ್ ವೆಲ್ಡಿಂಗ್ ಮಾಡೋರು ನಾಝಲ್ ಕ್ಲೀನ್ ಮಾಡೋಕೆ ಇಟ್ಕೊಂಡಿರೋ ಹಲ್ಲಿರುವ ಕಡ್ಡಿಗಳು. ಒಂದೊಂದು ಕಡ್ಡಿಯದು ಒಂದೊಂದು ವ್ಯಾಸ, ಸ್ಲಾಟ್‌ನ ತಳವನ್ನ ದುಂಡಗೆ ನಯ ಮಾಡೋಕೆ ಹೇಳಿ ಮಾಡಿಸಿದ ಹಾಗಿವೆ. ಭದ್ರಾವತಿಯಲ್ಲಿ ವೆಲ್ಡಿಂಗ್ ಶಾಪ್‌ಗೆ ಬರ ಇಲ್ಲ.

ಸ್ಲಾಟ್ ಮಾಡುವಾಗ ಮೂರು ವಿಷಯ ನೆನಪಿಡಬೇಕು. ಒಂದು, ಸ್ಲಾಟ್‌ನ ಅತಿ ಎತ್ತರದ ಬಿಂದು ಫ್ರೆಟ್ ಕಡೆಯ ಅಂಚಿನಲ್ಲೇ ಇರಬೇಕು, ಯಾಕಂದ್ರೆ ತಂತಿಯ ಉದ್ದದ ಲೆಕ್ಕ ಅಲ್ಲಿಂದ ಶುರು. ಅಲ್ಲಿಂದ ಬಿರಡೆ ಕಡೆಗೆ ಇಳಿಜಾರು. ಇದು ತಪ್ಪಿ ತಳ ಚಪ್ಪಟೆ ಆದ್ರೆ ತಂತಿ ಜ್ಯುಂಯ್ ಅನ್ನುತ್ತೆ. ತಂಬೂರಿಯಲ್ಲಿ ದಾರ ಇಟ್ಟು ಬೇಕಂತಲೇ ತರಿಸೋ ಜೀವಾರಿ ಗಿಟಾರ್‌ನಲ್ಲಿ ರೋಗ. ಎರಡು, ಜಿ ಮತ್ತು ಡಿ ಸ್ಲಾಟ್‌ಗಳ ಹಿಂಭಾಗ ಅವುಗಳ ಬಿರಡೆ ಕಡೆಗೇ ಸ್ವಲ್ಪ ತಿರುಗಿರಬೇಕು. ಮೂರು, ಆಳ. ಮೂರನೇ ಫ್ರೆಟ್ ಹತ್ರ ತಂತಿ ಒತ್ತಿ ಹಿಡಿದಾಗ ಮೊದಲ ಫ್ರೆಟ್ ಮತ್ತು ತಂತಿ ಮಧ್ಯೆ ಝೆರಾಕ್ಸ್ ಪೇಪರ್ ದಪ್ಪಕ್ಕಿಂತ ಜಾಸ್ತಿ ಜಾಗ ಇರಬಾರದು, ಪೂರ್ತಿ ತಾಗಲೂಬಾರದು. ಜಾಗ ಜಾಸ್ತಿ ಇದ್ರೆ ಖಾಲಿ ತಂತಿ ಶ್ರುತಿಯಲ್ಲಿದ್ರೂ ಮೊದಲ ಎರಡು ಫ್ರೆಟ್‌ನ ಸ್ವರ ಏರಿರುತ್ತೆ.

ನಾವೂ ಎಡವಿದೆವು. ಬಿ ತಂತಿಯ ಸ್ಲಾಟ್ ಒಂದು ಸಲ ಹೆಚ್ಚೇ ಉಜ್ಜಿ ಆಳ ಆಯ್ತು, ಖಾಲಿ ತಂತಿ ಮೊದಲ ಫ್ರೆಟ್‌ಗೆ ಬಡಿಯೋಕೆ ಶುರು. ಉಜ್ಜಿದ ಲೋಹ ವಾಪಸ್ ಬರಲ್ಲ. ಅಡುಗೆ ಸೋಡಾ ತುಂಬಿ ಸೂಪರ್ ಗ್ಲೂ ಒಂದು ಹನಿ ಬಿಟ್ರೆ ಕ್ಷಣದಲ್ಲಿ ಕಲ್ಲಾಗುತ್ತೆ, ಗಿಟಾರ್ ರಿಪೇರಿಯವರ ಹಳೇ ಉಪಾಯ ಅದು ಅಂದೆ. ಪ್ಲಾಸ್ಟಿಕ್, ಮೂಳೆ ನಟ್‌ಗೆ ಅದು ನಡೆಯುತ್ತೆ. ಹಿತ್ತಾಳೆಗೆ ಆ ತೇಪೆ ಬೇಡ ಅಂತ ಫಿಟ್ಟರ್ ಒಪ್ಪಲಿಲ್ಲ. ನಟ್ ಅಡಿಗೆ ಡಬ್ಬದ ತೆಳು ತಗಡು ಇಟ್ಟು ಪೂರ್ತಿ ಪಟ್ಟಿ ಎತ್ತರಿಸಿ, ಉಳಿದ ಐದು ಸ್ಲಾಟ್‌ಗಳನ್ನ ಮತ್ತೆ ಇಳಿಸಿದ್ರು. ಅದಕ್ಕೆ ಇನ್ನೂ ಎರಡು ಗಂಟೆ ಹಿಡೀತು. ದುಡ್ಡು ಕೊಡೋಕೆ ಹೋದಾಗ ತಗೊಳ್ಳಲಿಲ್ಲ, “ಕಾಲೇಜಲ್ಲಿ ಫೈಲಿಂಗ್ ಹೇಳಿಕೊಡಲ್ವಾ?” ಅಂತ ಕೇಳಿದ್ರು.

ಹೇಳಿಕೊಡ್ತಾರೆ. ಫಿಟ್ಟಿಂಗ್ ಲ್ಯಾಬ್‌ನಲ್ಲಿ ನಾವೆಲ್ಲ ಉಕ್ಕಿನ ತುಂಡು ಉಜ್ಜಿ ಜೋಡಿಸಿದ್ದೀವಿ. ಎಷ್ಟು ಜನ ನಿಜವಾಗಿ ಉಜ್ಜಿದ್ರು, ಎಷ್ಟು ಜನ ಸೀನಿಯರ್ಸ್ ಪೀಸನ್ನೇ ತೋರಿಸಿ ಮಾರ್ಕ್ಸ್ ತಗೊಂಡ್ರು ಅನ್ನೋದು ನಮಗೇ ಗೊತ್ತು. ನಾನು ಎರಡನೇ ಗುಂಪಿನವನು. ಕೋಡಿಂಗ್ ಬಂದ್ರೆ ಸಾಕು, ಫೈಲ್ ಹಿಡಿಯೋದು ಐಟಿಐ ಕೆಲಸ ಅನ್ನೋ ಧಿಮಾಕು ನಮ್ಮಲ್ಲಿ ಇದೆ. ಭದ್ರಾವತಿಯಲ್ಲಿ ವಿಶ್ವೇಶ್ವರಯ್ಯನವರ ಕಾಲದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡಿತು. ಊರಿನ ಎಷ್ಟೋ ಮನೆಗಳಿಗೆ ನೂರನೇ ಒಂದು ಮಿಲಿಮೀಟರಿನ ಲೆಕ್ಕ ಬಂದಿದ್ದು ಅಲ್ಲಿಂದ. 2023ರ ಜನವರಿಯಲ್ಲಿ ಸೈಲ್ ಅದನ್ನ ಮುಚ್ಚೋ ತೀರ್ಮಾನ ಮಾಡಿದಾಗ ಕಾರ್ಮಿಕರು ಬೀದಿಗೆ ಬಂದಿದ್ದನ್ನ ನಾವು ಸ್ಟೇಟಸ್‌ನಲ್ಲಿ ನೋಡಿ ಸ್ಕ್ರೋಲ್ ಮಾಡಿದ್ವಿ. ಕಾರ್ಖಾನೆ ಉಳಿಸೋದು ನಮ್ಮ ಕೈಯಲ್ಲಿ ಇಲ್ಲದೇ ಇರಬಹುದು. ಆ ಕೈಗಳಿಂದ ಕಲಿಯೋದು ಇದೆ, ಅದಕ್ಕೆ ಹದಿನೆಂಟು-ಇಪ್ಪತ್ತು ಕಿಲೋಮೀಟರ್ ಬಸ್ ಚಾರ್ಜ್ ಸಾಕು.

ಇದಕ್ಕೆ ಎದುರು ವಾದವೂ ಇದೆ, ಒಪ್ತೀನಿ. ರೆಡಿಮೇಡ್ ನಟ್ ಆನ್‌ಲೈನಲ್ಲಿ ಸಿಗುವಾಗ ಒಂದು ಭಾನುವಾರ ಹಾಳು ಮಾಡೋದ್ಯಾಕೆ ಅಂತ ಕೇಳಬಹುದು. ತರಿಸಿ, ಬೇಡ ಅನ್ನಲ್ಲ. ಆದ್ರೆ ರೆಡಿಮೇಡ್ ನಟ್ ಕೂಡ ನಿಮ್ಮ ಗಿಟಾರ್‌ಗೆ ನೇರವಾಗಿ ಕೂರೋದು ಅಪರೂಪ, ತಳ ಉಜ್ಜಬೇಕು, ಸ್ಲಾಟ್ ಆಳ ನೋಡಬೇಕು. ಹೇಗಿದ್ರೂ ಫೈಲ್ ಹಿಡೀಲೇಬೇಕು. ಇನ್ನು ದುಬಾರಿ ಗಿಟಾರ್ ಇದ್ದರೆ, ಕೈ ಪಳಗಿಲ್ಲದಿದ್ದರೆ ಪರಿಣತರ ಹತ್ರವೇ ಹೋಗಿ. ನನ್ನಂಥ ಅಗ್ಗದ ಗಿಟಾರ್ ಮಾತ್ರ ಕಲಿಯೋಕೆ ಒಳ್ಳೇ ಪಾಠಶಾಲೆ. ಕೆಟ್ಟರೆ ಹೋಗೋದು ಒಂದು ಪಟ್ಟಿ.

ಫಲಿತಾಂಶ ಹೇಳಲೇಬೇಕಲ್ಲ. ಮೊದಲು ಒಂದು ಬೆಂಡ್ ಆದ್ಮೇಲೆ ಟ್ಯೂನರ್ ಆ್ಯಪ್‌ನಲ್ಲಿ ಜಿ ತಂತಿ ಸೆಮಿಟೋನಿನ ಕಾಲುಭಾಗ ಕೆಳಗೆ ತೋರಿಸ್ತಿತ್ತು. ಈಗ ಹತ್ತು ಬೆಂಡ್ ಮಾಡಿದ್ರೂ ಮುಳ್ಳು ಹೆಚ್ಚುಕಡಿಮೆ ಮಧ್ಯದಲ್ಲೇ ನಿಲ್ಲುತ್ತೆ. ‘ಟಿಣ್’ ಹೋಯ್ತು. 1,800ರ ಹೊಸ ಬಿರಡೆಗಳು ಚೆನ್ನಾಗಿ ಹೊಳೀತಾ ಇವೆ, ಅವುಗಳಿಂದ ಆಗಿರೋ ಉಪಯೋಗ ಅಷ್ಟೇ.

ಈಗ ಆ ಮೂರನೇ ಉತ್ತರ, ನನ್ನ ಕಿವಿ. ನಟ್ ಬದಲಾದ್ಮೇಲೆ ಒಂದು ವಿಷಯ ಹೊಳೀತು. ಜಿ ತಂತಿ ಇಳಿದಿದೆ ಅಂತ ಪ್ರತಿ ಸಲ ಮೊದಲು ಕಂಡುಹಿಡೀತಿದ್ದಿದ್ದು ನಾನೇ. ಕಿವಿ ಇಲ್ಲದಿದ್ದರೆ ಅದು ಗೊತ್ತಾಗ್ತಿರಲಿಲ್ಲ, ಬೇಜಾರೂ ಆಗ್ತಿರಲಿಲ್ಲ. ಎರಡು ತಿಂಗಳು ನಾನು ನನ್ನನ್ನೇ ಅನುಮಾನಿಸಿ, ಗಿಟಾರ್ ಮಾರೋಕೆ ಫೋಟೋ ಕೂಡ ತೆಗೆದಿದ್ದೆ. ಈ ಲೇಖನ ಬರೆದಿದ್ದಕ್ಕೆ ನಿಜವಾದ ಕಾರಣ ಇದು. ನಮ್ಮ ಕ್ಲಾಸಲ್ಲಿ, ಹಾಸ್ಟೆಲ್‌ನಲ್ಲಿ, ಯಾರೋ ಒಬ್ಬರು ಈಗಲೂ ತಮಗೆ ಸಂಗೀತ ಬರಲ್ಲ ಅಂದ್ಕೊಂಡು ಗಿಟಾರನ್ನ ಮಂಚದ ಕೆಳಗೆ ತಳ್ಳಿರಬಹುದು. ಅದನ್ನ ಹೊರಗೆ ತೆಗೀರಿ. ಬೆಂಡ್ ಮಾಡಿ, ನಟ್ ಹಿಂದೆ ಒತ್ತಿ, ಕೇಳಿ. ಕಚ್ಚುತ್ತಾ ಇದ್ರೆ ನಮ್ಮ ರೂಮ್‌ಗೆ ಬನ್ನಿ. ಗರಗಸದ ಬ್ಲೇಡ್ ಇನ್ನೂ ನಾಲ್ಕು ಉಳಿದಿವೆ.